ಯುದ್ಧದಲ್ಲಿ ನರಳುತ್ತಿರುವವರಿಗಾಗಿ ಪ್ರಾರ್ಥಿಸುವುದು ಹೇಗೆ? ಕ್ರೈಸ್ತರಿಗೊಂದು ಸಮಗ್ರ ಮಾರ್ಗದರ್ಶಿ

ಏಪ್ರಿಲ್ 2023ರಲ್ಲಿ ಸುಡಾನ್ ದೇಶದ ಹೆಸರು ಕನ್ನಡ ಪೇಪರ್‌ಗಳ ಮುಖಪುಟಕ್ಕೆ ಬಂತು. ಹುಣಸೂರು, ಶಿವಮೊಗ್ಗ, ಚನ್ನಗಿರಿ ಕಡೆಯ ಹಕ್ಕಿಪಿಕ್ಕಿ ಜನ ಗಿಡಮೂಲಿಕೆ ಔಷಧಿ ಮಾರಲು ಅಲ್ಲಿಗೆ ಹೋಗಿದ್ದರು. ಆ ತಿಂಗಳ 15ರಂದು ದೇಶದ ಸೇನೆಗೂ ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆಗೂ ಯುದ್ಧ ಶುರುವಾಯಿತು. ನಮ್ಮವರು ಎಲ್ ಫಾಶರ್ ಎಂಬ ಊರಿನಲ್ಲಿ ಸಿಕ್ಕಿಹಾಕಿಕೊಂಡರು. ಆಮೇಲೆ ಭಾರತ ಸರ್ಕಾರ ನಡೆಸಿದ ಆಪರೇಷನ್ ಕಾವೇರಿ ಎಂಬ ರಕ್ಷಣಾ ಕಾರ್ಯಾಚರಣೆಯಲ್ಲಿ ವಾಪಸ್ ಬಂದರು. ಅಲ್ಲಿಗೆ ಸುಡಾನ್ ನಮ್ಮ ಪೇಪರ್‌ಗಳಿಂದ ಮಾಯವಾಯಿತು.

ಎಲ್ ಫಾಶರ್ ಊರಿನವರು ಎಲ್ಲಿಗೂ ಹೋಗಲಾಗಲಿಲ್ಲ. 2024ರ ಮೇ ತಿಂಗಳಿಂದ ಆರ್‌ಎಸ್‌ಎಫ್ ಆ ಊರಿಗೆ ಮುತ್ತಿಗೆ ಹಾಕಿತು. ಐನೂರು ದಿನಕ್ಕೂ ಜಾಸ್ತಿ ಕಾಲ ಊಟ, ಔಷಧಿ ಒಳಗೆ ಹೋಗುವುದೇ ಕಷ್ಟವಾಯಿತು. ಪಕ್ಕದಲ್ಲಿ, ಮನೆ ಬಿಟ್ಟು ಬಂದವರಿದ್ದ ಜಮ್‌ಜಮ್ ಶಿಬಿರದಲ್ಲಿ ಬರಗಾಲ ಬಂದಿದೆ ಎಂದು 2024ರ ಆಗಸ್ಟ್‌ನಲ್ಲೇ ತಜ್ಞರು ಸಾರಿದರು. 2025ರ ಅಕ್ಟೋಬರ್ 26ರಂದು ಊರು ಆರ್‌ಎಸ್‌ಎಫ್ ಕೈಗೆ ಬಿತ್ತು. ಸಾಮೂಹಿಕ ಕೊಲೆಗಳು ನಡೆದವು.

ಯುದ್ಧದ ವಿಷಯದಲ್ಲಿ ನಮ್ಮ ಪ್ರಾರ್ಥನೆಯೂ ಪೇಪರ್‌ನ ಹಿಂದೆಯೇ ಓಡುತ್ತದೆ. ಬಾಂಬ್ ಬಿದ್ದ ವಾರ ಚರ್ಚಿನಲ್ಲಿ ಜೋರಾಗಿ ಪ್ರಾರ್ಥಿಸುತ್ತೇವೆ. ತಿಂಗಳಾದ ಮೇಲೆ "ಲೋಕದಲ್ಲಿ ಶಾಂತಿ ನೆಲೆಸಲಿ" ಎಂಬ ಒಂದೇ ಸಾಲು ಉಳಿಯುತ್ತದೆ. ಆ ಸಾಲು ತಪ್ಪಲ್ಲ. ಆದರೆ ಅದರೊಳಗೆ ಯಾವ ಊರೂ ಇಲ್ಲ, ಯಾವ ಮನುಷ್ಯರೂ ಇಲ್ಲ. ಯುದ್ಧಕಾಲದ ಪ್ರಾರ್ಥನೆ ಒಂದು ಜಾಗವನ್ನು ಹಿಡಿದುಕೊಂಡು, ಸುದ್ದಿ ನಿಂತ ಮೇಲೂ ಅದನ್ನು ಬಿಡಬಾರದು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಹಾಗೆ ಪ್ರಾರ್ಥಿಸಲು ಮನಸ್ಸಿರುವವರಿಗಾಗಿ ಇದನ್ನು ಬರೆದಿದ್ದೇನೆ. ನೀವು ಕಥೋಲಿಕರಾಗಿರಿ, ಸಿಎಸ್‌ಐ ಸಭೆಯವರಾಗಿರಿ, ಬೇರೆ ಯಾವುದೇ ಸಭೆಯವರಾಗಿರಿ, ಇಲ್ಲಿರುವುದನ್ನು ನಿಮ್ಮ ಪದ್ಧತಿಗೆ ಹೊಂದಿಸಿಕೊಳ್ಳಬಹುದು.

ಮೊದಲ ಹೆಜ್ಜೆ: ಒಂದೇ ಒಂದು ಊರನ್ನು ಆರಿಸಿಕೊಳ್ಳಿ

ಇಡೀ ಲೋಕದ ಯುದ್ಧಗಳನ್ನು ಒಬ್ಬರ ಎದೆ ಹೊರಲಾರದು. ಒಂದು ಊರು ಸಾಕು. ದೇಶಕ್ಕಿಂತ ಊರು ಒಳ್ಳೆಯದು. "ಉಕ್ರೇನ್" ಅನ್ನುವುದಕ್ಕಿಂತ "ಹಾರ್ಕಿವ್" ಅಂದಾಗ ಮನಸ್ಸು ಒಂದು ಕಡೆ ನಿಲ್ಲುತ್ತದೆ. 2022ರ ಮಾರ್ಚ್ 1ರಂದು ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಊಟದ ಸಾಮಾನು ತರಲು ಹೋಗಿ ಸತ್ತದ್ದು ಅದೇ ಊರಿನಲ್ಲಿ. ನಿಮಗೆ ಯಾವ ಊರಿನ ಜೊತೆ ಏನಾದರೂ ನಂಟಿದೆಯೋ ಅದನ್ನೇ ಆರಿಸಿ. ಗಲ್ಫ್‌ನಲ್ಲೋ ಇಸ್ರೇಲ್‌ನಲ್ಲೋ ಕೆಲಸ ಮಾಡುವ ಅಕ್ಕ ಇರಬಹುದು. ಕಾಲೇಜಿನಲ್ಲಿ ಜೊತೆಗೆ ಓದಿದ ಯೆಮೆನ್ ಹುಡುಗ ಇರಬಹುದು. ಯಾವ ನಂಟೂ ಇಲ್ಲದಿದ್ದರೆ ಯಾರೂ ಮಾತಾಡದ ಊರನ್ನು ಆರಿಸಿ.

ಇಲ್ಲಿ ಉದಾಹರಣೆಗೆ ಎಲ್ ಫಾಶರ್ ಊರನ್ನೇ ಇಟ್ಟುಕೊಳ್ಳುತ್ತೇನೆ.

ಆ ಊರಿನ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಬೈಬಲ್‌ನಲ್ಲಿ, ಕೀರ್ತನೆಗಳ ಪುಟದಲ್ಲಿ ಇಡಿ. ಮ್ಯಾಪ್‌ನಲ್ಲಿ ಊರು ಎಲ್ಲಿದೆ, ಹತ್ತಿರದ ಗಡಿ ಯಾವುದು, ಜನ ಓಡಿಹೋದರೆ ಯಾವ ದಾರಿ ಹಿಡಿಯುತ್ತಾರೆ ಅಂತ ನೋಡಿಕೊಳ್ಳಿ. ಎಲ್ ಫಾಶರ್‌ನಿಂದ ಪಶ್ಚಿಮಕ್ಕೆ ನಡೆದವರು ಮೊದಲು ತವಿಲಾ ಎಂಬ ಸಣ್ಣ ಊರು ತಲುಪುತ್ತಾರೆ. ಇನ್ನೂ ಮುಂದೆ ಹೋದವರು ಚಾಡ್ ದೇಶದ ಗಡಿ ದಾಟುತ್ತಾರೆ. ಇಷ್ಟು ಗೊತ್ತಿದ್ದರೆ ಪ್ರಾರ್ಥಿಸುವಾಗ ನೀವೂ ಆ ದಾರಿಯಲ್ಲಿ ಅವರ ಜೊತೆ ನಡೆಯಬಹುದು.

ಎರಡನೆಯ ಹೆಜ್ಜೆ: ಸುದ್ದಿ ಎಷ್ಟು ಬೇಕೋ ಅಷ್ಟೇ

ದಿನಕ್ಕೊಮ್ಮೆ, ಹದಿನೈದು ನಿಮಿಷ ಸಾಕು. ಪ್ರಾರ್ಥನೆಗೆ ಮೊದಲೇ ಓದಿ ಮುಗಿಸಿ. ಮಲಗುವ ಮುಂಚೆ ಬೇಡ. ವಾಟ್ಸಾಪ್‌ನಲ್ಲಿ ಬರುವ ರಕ್ತಸಿಕ್ತ ವಿಡಿಯೋಗಳನ್ನು ನೋಡಬೇಡಿ, ಕಳಿಸಲೂ ಬೇಡಿ. ಸತ್ತವರಿಗೂ ಮರ್ಯಾದೆ ಇದೆ, ಅಲ್ವಾ? ಓದಿದ್ದರಲ್ಲಿ ಒಂದೇ ವಿವರವನ್ನು ಎತ್ತಿಕೊಳ್ಳಿ. ಆಸ್ಪತ್ರೆಯಲ್ಲಿ ಔಷಧಿ ಮುಗಿದಿದೆ, ಬಾವಿ ಬತ್ತಿದೆ, ಅಡುಗೆ ಮನೆ ಮುಚ್ಚಿದೆ, ಹೀಗೆ ಒಂದು. ಅದೇ ಆ ದಿನದ ಪ್ರಾರ್ಥನೆ.

ಇಂಥ ವಿವರಕ್ಕೆ ಎಷ್ಟು ಬೆಲೆ ಇದೆ ಎಂದು ಪೋಪ್ ಫ್ರಾನ್ಸಿಸ್ ತೋರಿಸಿದರು. 2023ರ ಅಕ್ಟೋಬರ್‌ನಲ್ಲಿ ಯುದ್ಧ ಶುರುವಾದ ಮೇಲೆ ಗಾಜಾ ನಗರದ ಪವಿತ್ರ ಕುಟುಂಬ ಚರ್ಚಿಗೆ ಅವರು ಹೆಚ್ಚುಕಡಿಮೆ ಪ್ರತಿ ಸಂಜೆ ಫೋನ್ ಮಾಡುತ್ತಿದ್ದರು. ಆ ಚರ್ಚಿನ ಆವರಣದಲ್ಲಿ ನೂರಾರು ಜನ ಆಶ್ರಯ ಪಡೆದಿದ್ದರು. ಊಟ ಏನು ಮಾಡಿದಿರಿ ಎಂದೂ ಪೋಪ್ ವಿಚಾರಿಸುತ್ತಿದ್ದರು. ಇವತ್ತು ಬೇಳೆಯ ಜೊತೆ ಕೋಳಿ ತಿಂದೆವು ಎಂದು ಅಲ್ಲಿದ್ದವರು ಸಂತೋಷದಿಂದ ಹೇಳಿದ್ದನ್ನು 2025ರ ಜನವರಿಯಲ್ಲಿ ಪೋಪ್ ಜನರ ಮುಂದೆ ಹೇಳಿದರು. ತೀರಿಕೊಳ್ಳುವ ಎರಡು ದಿನ ಮುಂಚೆಯೂ ಫೋನ್ ಮಾಡಿದ್ದರು. ನಮಗೆ ಫೋನ್ ಮಾಡುವ ದಾರಿ ಇಲ್ಲದಿರಬಹುದು. ಆದರೆ "ಇವತ್ತು ಅವರು ಏನು ತಿಂದಿರಬಹುದು" ಎಂದು ಕೇಳಿಕೊಂಡು ಪ್ರಾರ್ಥನೆ ಶುರು ಮಾಡಬಹುದು.

ಮೂರನೆಯ ಹೆಜ್ಜೆ: ಮೊದಲು ಅಳಲು ತೋಡಿಕೊಳ್ಳಿ

ಇದು ತುಂಬಾ ಮುಖ್ಯ. ನಾವು ಇದನ್ನು ದಾಟಿಕೊಂಡು ನೇರವಾಗಿ "ಸಮಾಧಾನ ಕೊಡು ಕರ್ತನೇ" ಎಂಬಲ್ಲಿಗೆ ಹೋಗಿಬಿಡುತ್ತೇವೆ. ಬೈಬಲ್ ಹಾಗೆ ಹೋಗುವುದಿಲ್ಲ. ಕೀರ್ತನೆಗಳಲ್ಲಿ ಎಷ್ಟೋ ಹಾಡುಗಳು ದೂರು, ಕಣ್ಣೀರು, ಪ್ರಶ್ನೆಗಳಿಂದಲೇ ಶುರುವಾಗುತ್ತವೆ. ದೇವರ ಮುಂದೆ ದೂರು ಹೇಳುವುದು ಅಪನಂಬಿಕೆಯಲ್ಲ. ಅವನು ಕೇಳಿಸಿಕೊಳ್ಳುತ್ತಾನೆ ಎಂಬ ನಂಬಿಕೆ ಇರುವುದರಿಂದಲೇ ದೂರು ಹೇಳುತ್ತೇವೆ.

ಕೀರ್ತನೆ 13 ತೆಗೆಯಿರಿ. ಆರೇ ವಚನ. ಮೊದಲ ಎರಡು ವಚನಗಳಲ್ಲಿ "ಇನ್ನೆಷ್ಟು ಕಾಲ" ಎಂಬ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಇನ್ನೆಷ್ಟು ಕಾಲ ನನ್ನನ್ನು ಮರೆತಿರುವೆ, ಇನ್ನೆಷ್ಟು ಕಾಲ ಮುಖ ಮರೆಮಾಡುವೆ ಎಂದು. ಮುಂದಿನ ಎರಡು ವಚನಗಳಲ್ಲಿ ಬೇಡಿಕೆ: ನನ್ನ ಕಡೆ ನೋಡು, ಉತ್ತರ ಕೊಡು. ಕೊನೆಯ ಎರಡರಲ್ಲಿ ಭರವಸೆ. ನಿಮ್ಮ ಪ್ರಾರ್ಥನೆಗೂ ಇದೇ ಕಟ್ಟು ಸಾಕು. ಒಂದು ಕಾಗದ ತೆಗೆದುಕೊಂಡು ಮೂರು ಭಾಗ ಬರೆಯಿರಿ.

ಮೊದಲ ಭಾಗದಲ್ಲಿ ನೋವನ್ನು ಇದ್ದ ಹಾಗೆ ಹೇಳಿ. "ಕರ್ತನೇ, ಎಲ್ ಫಾಶರ್‌ನ ಮಕ್ಕಳು ದನಕರುಗಳಿಗೆ ಹಾಕುವ ಹಿಂಡಿ ತಿಂದು ಬದುಕಿದರು. ನೀನು ಎಲ್ಲಿದ್ದೆ? ಇನ್ನೆಷ್ಟು ಕಾಲ?" ಎರಡನೆಯ ಭಾಗದಲ್ಲಿ ಏನು ಬೇಕೋ ಅದನ್ನು ನೇರವಾಗಿ ಕೇಳಿ. "ಲಾರಿಗಳಿಗೆ ದಾರಿ ತೆರೆ. ಗುಂಡಿನ ಸದ್ದು ನಿಲ್ಲಿಸು." ಮೂರನೆಯ ಭಾಗದಲ್ಲಿ, ಮನಸ್ಸು ಒಪ್ಪಿದರೆ, ನಿಮ್ಮ ಭರವಸೆಯ ಮಾತು. ಒಪ್ಪದಿದ್ದರೆ ಬರೆಯಬೇಡಿ. ಸುಮ್ನೆ ಬಾಯಿಮಾತಿಗೆ ಹೇಳಬೇಕಾಗಿಲ್ಲ. ಕೀರ್ತನೆ 88 ಕತ್ತಲೆ ಎಂಬಲ್ಲಿಗೇ ಮುಗಿದುಹೋಗುತ್ತದೆ. ಕೊನೆಯಲ್ಲಿ ಸ್ತೋತ್ರವಿಲ್ಲ, ಬೆಳಕಿಲ್ಲ. ಆದರೂ ಅದು ಬೈಬಲ್‌ನಲ್ಲಿದೆ. ಕೀರ್ತನೆ 44 ಇನ್ನೂ ಮುಂದೆ ಹೋಗಿ, ಯಾಕೆ ನಿದ್ದೆ ಮಾಡುತ್ತಿರುವೆ, ಎದ್ದೇಳು ಎಂದು ದೇವರನ್ನೇ ಕೇಳುತ್ತದೆ.

ಹಸಿವಿನಿಂದ ಸಾಯುವ ಮಕ್ಕಳಿಗಾಗಿ ಹೇಗೆ ಪ್ರಾರ್ಥಿಸಬೇಕು ಅಂತ ಗೊತ್ತಾಗದಿದ್ದರೆ ಪ್ರಲಾಪಗಳು 2:19 ಓದಿ. ಯೆರೂಸಲೇಮ್ ನಾಶವಾದ ಮೇಲೆ ಹುಟ್ಟಿದ ಮಾತು ಅದು. ರಾತ್ರಿ ಎದ್ದು ಕೂಗು, ಎದೆಯನ್ನು ನೀರಿನ ಹಾಗೆ ಕರ್ತನ ಮುಂದೆ ಸುರಿ, ಬೀದಿ ಬೀದಿಯಲ್ಲಿ ಹಸಿವಿನಿಂದ ಬಿದ್ದ ನಿನ್ನ ಮಕ್ಕಳ ಜೀವಕ್ಕಾಗಿ ಕೈ ಎತ್ತು ಎನ್ನುತ್ತದೆ. ಮನೆಯಲ್ಲಿ ಎಲ್ಲರೂ ಮಲಗಿದ ಮೇಲೆ ಒಬ್ಬರೇ ಕೂತು, ಈ ವಚನ ಓದಿ, ಕೈ ಎತ್ತಿ ಐದು ನಿಮಿಷ ಸುಮ್ಮನಿರಿ. ಮಾತು ಬರದಿದ್ದರೂ ಅದು ಪ್ರಾರ್ಥನೆಯೇ. ಯೇಸು ಸ್ವಾಮಿ ಕೂಡ ಯೆರೂಸಲೇಮ್ ಕಂಡಾಗ ಮೊದಲು ಮಾಡಿದ್ದು ಅತ್ತದ್ದೇ. ಲೂಕ 19:41ರಲ್ಲಿದೆ.

ನಾಲ್ಕನೆಯ ಹೆಜ್ಜೆ: ದಿನಕ್ಕೊಂದು ಗುಂಪು

ಎಲ್ಲರನ್ನೂ ಒಂದೇ ದಿನ ನೆನೆಯಲು ಹೋದರೆ ಅದು ಬರೀ ಪಟ್ಟಿ ಓದಿದ ಹಾಗೆ ಆಗುತ್ತದೆ. ವಾರವನ್ನು ಹಂಚಿಕೊಳ್ಳಿ. ನಾನು ಹಂಚಿಕೊಂಡಿರುವುದು ಹೀಗೆ. ನಿಮಗೆ ಬೇಕಾದ ಹಾಗೆ ಬದಲಿಸಿ.

ಭಾನುವಾರ: ತೀರಿಕೊಂಡವರು, ಅವರನ್ನು ಹೂಳುವವರು, ಹೂಳಲು ಶವವೂ ಸಿಗದ ಮನೆಯವರು. ಕಥೋಲಿಕರು ಮತ್ತು ಆರ್ಥೊಡಾಕ್ಸ್ ಸಭೆಯವರು ಸತ್ತವರ ಆತ್ಮಕ್ಕಾಗಿಯೇ ಪ್ರಾರ್ಥಿಸುತ್ತಾರೆ. ಪ್ರೊಟೆಸ್ಟೆಂಟರು ಉಳಿದವರಿಗಾಗಿ ಪ್ರಾರ್ಥಿಸಬಹುದು.

ಸೋಮವಾರ: ಮಕ್ಕಳು. ಅಪ್ಪ ಅಮ್ಮನಿಂದ ದೂರಾದವರು, ಶಾಲೆ ನಿಂತವರು, ಕೈಗೆ ಬಂದೂಕು ಕೊಟ್ಟಿರುವ ಹುಡುಗರು.

ಮಂಗಳವಾರ: ಗಾಯಗೊಂಡವರು, ಬಸುರಿಯರು, ಕರೆಂಟಿಲ್ಲದ ಆಸ್ಪತ್ರೆಗಳಲ್ಲಿ ಕೆಲಸ ಮಾಡುವ ಡಾಕ್ಟರ್, ನರ್ಸ್‌ಗಳು.

ಬುಧವಾರ: ಊರು ಬಿಟ್ಟವರು. ಸುಡಾನ್‌ನಲ್ಲಿ ಒಂದು ಕೋಟಿಗೂ ಜಾಸ್ತಿ ಜನ ಮನೆ ಬಿಟ್ಟು ಹೋಗಬೇಕಾಯಿತು. ನಡೆಯಲಾಗದೆ ಹಿಂದೆಯೇ ಉಳಿದ ವಯಸ್ಸಾದವರನ್ನೂ ಸೇರಿಸಿ.

ಗುರುವಾರ: ಸಹಾಯಕ್ಕೆ ನಿಂತವರು. ಸುಡಾನ್‌ನಲ್ಲಿ ನೆರೆಹೊರೆಯವರೇ ಸೇರಿ ಬೀದಿ ಬೀದಿಯಲ್ಲಿ ಅಡುಗೆ ಮಾಡಿ ಬಡಿಸಿದ್ದಾರೆ. ಪರಿಹಾರದ ಲಾರಿ ಓಡಿಸುವ ಡ್ರೈವರ್‌ಗಳು, ವರದಿಗಾರರು, ನೆಲಬಾಂಬ್ ತೆಗೆಯುವವರೂ ಇದ್ದಾರೆ.

ಶುಕ್ರವಾರ: ಬಂದೂಕು ಹಿಡಿದವರು, ಅವರಿಗೆ ಆಜ್ಞೆ ಕೊಡುವವರು, ಹೊರಗಿನಿಂದ ಆಯುಧ ಮಾರುವವರು.

ಶನಿವಾರ: ಕೈದಿಗಳು, ಕಾಣೆಯಾದವರು, ಅತ್ಯಾಚಾರಕ್ಕೆ ಒಳಗಾಗಿ ಯಾರಿಗೂ ಹೇಳಿಕೊಳ್ಳಲಾಗದ ಹೆಣ್ಣುಮಕ್ಕಳು. ಶಿಲುಬೆಗೂ ಪುನರುತ್ಥಾನಕ್ಕೂ ನಡುವಿನ ಮೌನದ ದಿನ ಶನಿವಾರ. ಕಾಯುವವರಿಗಾಗಿ ಅದನ್ನು ಇಟ್ಟಿದ್ದೇನೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಅಲ್ಲಿರುವ ಕ್ರೈಸ್ತರಿಗಾಗಿ ಮಾತ್ರ ಪ್ರಾರ್ಥಿಸಿ ಮುಗಿಸಬೇಡಿ. ಹಿಂಸೆ ಅನುಭವಿಸುವ ನಮ್ಮ ಸಹೋದರ ಸಹೋದರಿಯರನ್ನು ನೆನೆಯುವುದು ನಮ್ಮ ಕರ್ತವ್ಯ, ಸಂಶಯವಿಲ್ಲ. ಆದರೆ ಎಲ್ ಫಾಶರ್‌ನಲ್ಲಿ ಸತ್ತವರಲ್ಲಿ ಹೆಚ್ಚಿನವರು ಮುಸ್ಲಿಮರು. ದಾರಿಯಲ್ಲಿ ಬಿದ್ದವನ ಜಾತಿ ಧರ್ಮ ಯಾವುದು ಎಂದು ಒಳ್ಳೆಯ ಸಮಾರ್ಯದವನು ಕೇಳಲಿಲ್ಲ.

ಐದನೆಯ ಹೆಜ್ಜೆ: ಮಾತು ಸಣ್ಣದಾಗಿರಲಿ, ಕೇಳುವುದು ಸ್ಪಷ್ಟವಾಗಿರಲಿ

ಎರಡು ಪ್ರಾರ್ಥನೆಗಳನ್ನು ಇಲ್ಲಿ ಬರೆದಿದ್ದೇನೆ. ದೇವರನ್ನು "ನೀವು" ಎಂದು ಕರೆಯುವ ರೂಢಿ ಇರುವವರು ಹಾಗೆಯೇ ಬದಲಿಸಿಕೊಳ್ಳಿ.

ಊರು ಬಿಟ್ಟು ನಡೆಯುತ್ತಿರುವವರಿಗಾಗಿ:
"ಕರ್ತನೇ, ನಿನ್ನನ್ನೂ ಮಗುವಾಗಿದ್ದಾಗ ರಾತ್ರೋರಾತ್ರಿ ಎತ್ತಿಕೊಂಡು ಐಗುಪ್ತಕ್ಕೆ ಓಡಿದರು. ಇವತ್ತು ತವಿಲಾ ದಾರಿಯಲ್ಲಿ ಮಗುವನ್ನು ಎತ್ತಿಕೊಂಡು ನಡೆಯುತ್ತಿರುವ ತಾಯಿಯನ್ನು ನೋಡು. ಅವಳ ಕಾಲಿಗೆ ಬಲ ಕೊಡು. ಕುಡಿಯಲು ನೀರು ಸಿಗಲಿ. ದಾರಿಯಲ್ಲಿ ಅಡ್ಡಗಟ್ಟುವವರ ಕೈ ತಡೆ. ಅವಳನ್ನು ಒಳಗೆ ಕರೆಯುವ ಒಂದು ಬಾಗಿಲು ತೆರೆದಿರಲಿ. ಆಮೆನ್."

ದವಾಖಾನೆಯಲ್ಲಿ ದುಡಿಯುವವರಿಗಾಗಿ:
"ಯೇಸು ಸ್ವಾಮಿ, ನೀನು ಕುಷ್ಠರೋಗಿಯನ್ನು ಮುಟ್ಟಿದವನು. ಔಷಧಿ ಮುಗಿದ ವಾರ್ಡಿನಲ್ಲಿ ನಿಂತಿರುವ ನರ್ಸಿನ ಕೈ ಹಿಡಿ. ಯಾರನ್ನು ಮೊದಲು ನೋಡಬೇಕು ಎಂದು ಅವಳು ತೀರ್ಮಾನಿಸಬೇಕಾದಾಗ ಅವಳ ಜೊತೆ ಇರು. ಉಳಿಸಲಾಗದವರ ಮುಖಗಳು ಅವಳ ನಿದ್ದೆ ಕೆಡಿಸದಿರಲಿ. ಆಮೆನ್."

ಬಿಡಬೇಕಾದ ಮಾತುಗಳೂ ಇವೆ. "ಎಲ್ಲವೂ ದೇವರ ಚಿತ್ತ" ಎಂದು ಸತ್ತ ಮಗುವಿನ ಬಗ್ಗೆ ಹೇಳಬೇಡಿ. "ಇದು ಅಂತ್ಯಕಾಲದ ಸೂಚನೆ" ಎಂದು ಇನ್ನೊಬ್ಬರ ನೋವನ್ನು ನಮ್ಮ ಲೆಕ್ಕಾಚಾರಕ್ಕೆ ಬಳಸಬೇಡಿ. "ನಮ್ಮ ಕಡೆಯವರು ಗೆಲ್ಲಲಿ" ಎಂಬುದು ಬಾಯಿಗೆ ಸುಲಭವಾಗಿ ಬರುತ್ತದೆ. ಅದರ ಬದಲು ಕೊಲ್ಲುವುದು ನಿಲ್ಲಲಿ, ನ್ಯಾಯ ಸಿಗಲಿ ಎಂದು ಕೇಳಿ.

ಆರನೆಯ ಹೆಜ್ಜೆ: ಶತ್ರುವಿಗಾಗಿ

ಎಲ್ಲಕ್ಕಿಂತ ಕಷ್ಟದ ಹೆಜ್ಜೆ. ಆದರೆ ಮತ್ತಾಯ 5:44ರಲ್ಲಿ ಯೇಸು ಸ್ವಾಮಿ ಇದನ್ನು ಆಜ್ಞೆಯಾಗಿಯೇ ಕೊಟ್ಟಿದ್ದಾರೆ. ತಪ್ಪಿಸಿಕೊಳ್ಳಲು ದಾರಿ ಇಲ್ಲ.

ಇಂಗ್ಲೆಂಡಿನ ಕೊವೆಂಟ್ರಿ ನಗರದ ಕಥೆ ಇಲ್ಲಿ ದಾರಿ ತೋರಿಸುತ್ತದೆ. 1940ರ ನವೆಂಬರ್ 14ರ ರಾತ್ರಿ ಜರ್ಮನ್ ವಿಮಾನಗಳು ಆ ಊರನ್ನು ಸುಟ್ಟವು. ಐನೂರಕ್ಕೂ ಜಾಸ್ತಿ ಜನ ಸತ್ತರು. ಹಳೆಯ ಕ್ಯಾಥೆಡ್ರಲ್ ಬರೀ ಗೋಡೆಗಳಾಗಿ ನಿಂತಿತು. ಅಲ್ಲಿನ ಮುಖ್ಯ ಗುರು ರಿಚರ್ಡ್ ಹೊವರ್ಡ್ ಸೇಡಿನ ಮಾತಾಡಲಿಲ್ಲ. ಪಾಳುಬಿದ್ದ ಬಲಿಪೀಠದ ಹಿಂದಿನ ಗೋಡೆಯಲ್ಲಿ "ತಂದೆಯೇ, ಕ್ಷಮಿಸು" ಎಂದು ಕೆತ್ತಿಸಿದರು. "ಅವರನ್ನು ಕ್ಷಮಿಸು" ಎಂದು ಬರೆಸಲಿಲ್ಲ. ಕ್ಷಮೆ ಎಲ್ಲರಿಗೂ ಬೇಕು ಎಂಬುದು ಅವರ ನಿಲುವು. 1958ರಲ್ಲಿ ಅದೇ ಮಾತನ್ನು ಹಿಡಿದು ಒಂದು ಸಮಾಧಾನದ ಪ್ರಾರ್ಥನೆ ರಚನೆಯಾಯಿತು. ದ್ವೇಷ, ದುರಾಸೆ, ಅಸೂಯೆ, ಮನೆಯಿಲ್ಲದವರ ಬಗ್ಗೆ ನಮ್ಮ ಉದಾಸೀನ, ಹೀಗೆ ಒಂದೊಂದನ್ನೇ ಹೆಸರಿಸಿ "ತಂದೆಯೇ, ಕ್ಷಮಿಸು" ಎಂದು ಎಲ್ಲರೂ ಉತ್ತರಿಸುತ್ತಾರೆ. ಪ್ರತಿ ಶುಕ್ರವಾರ ಮಧ್ಯಾಹ್ನ ಅದು ಆ ಪಾಳುಗೋಡೆಗಳ ನಡುವೆ ನಡೆಯುತ್ತದೆ.

ಮಾತು ಮಾತಲ್ಲೇ ಉಳಿಯಲಿಲ್ಲ. 1945ರ ಫೆಬ್ರವರಿಯಲ್ಲಿ ಬ್ರಿಟಿಷ್ ಮತ್ತು ಅಮೆರಿಕನ್ ವಿಮಾನಗಳು ಜರ್ಮನಿಯ ಡ್ರೆಸ್ಡೆನ್ ನಗರವನ್ನು ಸುಟ್ಟಿದ್ದವು. 1965ರಲ್ಲಿ ಕೊವೆಂಟ್ರಿಯಿಂದ ಯುವಕ ಯುವತಿಯರು ಅಲ್ಲಿಗೆ ಹೋಗಿ, ಬಾಂಬ್ ಬಿದ್ದ ಒಂದು ಆಸ್ಪತ್ರೆ ಕಟ್ಟಲು ಕೈಜೋಡಿಸಿದರು. ಡ್ರೆಸ್ಡೆನ್‌ನ ದೊಡ್ಡ ಚರ್ಚನ್ನು ಮತ್ತೆ ಕಟ್ಟಿದಾಗ ಅದರ ತುದಿಯ ಬಂಗಾರದ ಶಿಲುಬೆ ಬ್ರಿಟನ್ನಿನಿಂದ ಬಂತು. ಅದನ್ನು ಮಾಡಿದ ಅಕ್ಕಸಾಲಿಗನ ತಂದೆ ಆ ಊರಿನ ಮೇಲೆ ಬಾಂಬ್ ಹಾಕಿದ ವಿಮಾನವೊಂದನ್ನು ಹಾರಿಸಿದ್ದವರು.

ಹಾಗಾದರೆ ನಾವು ಮಾಡಬೇಕಾದದ್ದೇನು? ಶುಕ್ರವಾರ ಬಂದಾಗ ಮೊದಲು ನಿಮ್ಮ ಕೋಪವನ್ನು ದೇವರ ಮುಂದೆ ಹೇಳಿಬಿಡಿ. ಕೀರ್ತನೆ 137ರ ಕೊನೆಯ ವಚನ ಓದಿದರೆ ಎದೆ ನಡುಗುತ್ತದೆ. ಶತ್ರುವಿನ ಮಕ್ಕಳ ಸಾವನ್ನೇ ಬಯಸುವ ಮಾತು ಅದು. ಅಂಥ ಕೋಪವನ್ನೂ ದೇವರ ಮುಂದೆ ಹೇಳಲು ಬೈಬಲ್ ಬಿಟ್ಟಿದೆ. ಅಲ್ಲಿ ಇಟ್ಟು ಬರಬೇಕು, ಕೈಗೆ ತೆಗೆದುಕೊಂಡು ಹೊರಗೆ ಹೋಗಬಾರದು. ಆಮೇಲೆ ದೊಡ್ಡ ನಾಯಕರಿಂದ ಶುರು ಮಾಡಬೇಡಿ. ಒಬ್ಬ ಸಾಮಾನ್ಯ ಸೈನಿಕನಿಂದ ಶುರು ಮಾಡಿ:

"ಕರ್ತನೇ, ಇವತ್ತು ಬಂದೂಕು ಹಿಡಿದು ನಿಂತಿರುವ ಆ ಹುಡುಗನನ್ನು ನೀನು ಬಲ್ಲೆ. ಅವನಿಗೂ ತಾಯಿ ಇದ್ದಾಳೆ. ಗುಂಡು ಹಾರಿಸುವ ಮುಂಚೆ ಅವನ ಬೆರಳು ನಿಲ್ಲಲಿ. ಬೇಡ ಎನ್ನುವ ಧೈರ್ಯ ಅವನಿಗೆ ಬರಲಿ. ಅವನು ಮಾಡಿದ್ದನ್ನು ನೋಡುವ ಕಣ್ಣು ಕೊಡು, ನೋಡಿ ತಿರುಗಿಕೊಳ್ಳುವ ಮನಸ್ಸು ಕೊಡು. ತಂದೆಯೇ, ಕ್ಷಮಿಸು."

ಇದನ್ನು ಹೇಳಲು ರೂಢಿಯಾದ ಮೇಲೆ ಸೇನಾಪತಿಗಳ ಹೆಸರನ್ನೂ ಸೇರಿಸಿ. ಅರಸರಿಗಾಗಿ, ಅಧಿಕಾರ ಇರುವವರಿಗಾಗಿ ಪ್ರಾರ್ಥಿಸಿ ಎಂದು 1 ತಿಮೊಥೆಯ 2ರಲ್ಲಿ ಹೇಳಿರುವುದು ಒಳ್ಳೆಯ ಅರಸರಿಗಾಗಿ ಮಾತ್ರವಲ್ಲ.

ಒಂದು ಎಚ್ಚರಿಕೆ. ಶತ್ರುವಿಗಾಗಿ ಪ್ರಾರ್ಥಿಸುವುದೆಂದರೆ ಹೊಡೆದವನೂ ಹೊಡೆಸಿಕೊಂಡವನೂ ಒಂದೇ ಎಂದಲ್ಲ. ಗಾಯ ವಾಸಿಯಾಗದೆ "ಸಮಾಧಾನ, ಸಮಾಧಾನ" ಎನ್ನುವವರನ್ನು ಯೆರೆಮೀಯ 6:14 ಗದರಿಸುತ್ತದೆ. ಕೊಲೆಗೆ ಲೆಕ್ಕ ಕೇಳಬೇಕು, ಸತ್ಯ ಹೊರಬರಬೇಕು ಎಂದು ಪ್ರಾರ್ಥಿಸುವುದೂ ಪ್ರೀತಿಯೇ. ಮಗನನ್ನು ಕಳೆದುಕೊಂಡ ತಾಯಿಗೆ "ಕ್ಷಮಿಸಿಬಿಡಿ ಅಮ್ಮ" ಎಂದು ಹೇಳುವ ಹಕ್ಕು ಮಾತ್ರ ದೂರದಲ್ಲಿರುವ ನಮಗಿಲ್ಲ.

ಏಳನೆಯ ಹೆಜ್ಜೆ: ಒಟ್ಟಿಗೆ ಸೇರಿ ಒಂದು ಗಂಟೆ

ತಿಂಗಳಿಗೊಮ್ಮೆ ಚರ್ಚಿನಲ್ಲೋ ಮನೆಯಲ್ಲೋ ಸೇರಿ. ಐದು ಜನ ಇದ್ದರೂ ಸಾಕು. ಆಗ ಕಮ್ಯುನಿಸ್ಟ್ ಆಡಳಿತದಲ್ಲಿದ್ದ ಪೂರ್ವ ಜರ್ಮನಿಯ ಲೈಪ್ಸಿಗ್ ನಗರದ ಸೇಂಟ್ ನಿಕೋಲಸ್ ಚರ್ಚಿನಲ್ಲಿ 1982ರಿಂದ ಪ್ರತಿ ಸೋಮವಾರ ಸಂಜೆ ಐದಕ್ಕೆ ಶಾಂತಿ ಪ್ರಾರ್ಥನೆ ನಡೆಯುತ್ತಿತ್ತು. ಎಷ್ಟೋ ವಾರ ಬೆರಳೆಣಿಕೆಯ ಜನ ಬರುತ್ತಿದ್ದರು. ಅವರು ನಿಲ್ಲಿಸಲಿಲ್ಲ. 1989ರ ಅಕ್ಟೋಬರ್ 9ರಂದು ಪ್ರಾರ್ಥನೆ ಮುಗಿದ ಮೇಲೆ ಸುಮಾರು 70,000 ಜನ ಬೀದಿಯಲ್ಲಿ ಶಾಂತವಾಗಿ ನಡೆದರು. ಪೊಲೀಸರು ಗುಂಡು ಹಾರಿಸಲಿಲ್ಲ. ಒಂದು ಕೈಯಲ್ಲಿ ಮೇಣದಬತ್ತಿ, ಅದು ಆರದ ಹಾಗೆ ಇನ್ನೊಂದು ಕೈ ಅಡ್ಡ. ಕಲ್ಲು ಎತ್ತಲು ಕೈಯೇ ಉಳಿಯುವುದಿಲ್ಲ ಎಂದು ಅಲ್ಲಿನ ಪಾಸ್ಟರ್ ಕ್ರಿಸ್ಟಿಯಾನ್ ಫ್ಯೂರರ್ ಹೇಳುತ್ತಿದ್ದರು.

ಒಂದು ಗಂಟೆಯನ್ನು ಹೀಗೆ ನಡೆಸಬಹುದು. ಮೊದಲು ಊರಿನ ಹೆಸರು ಹೇಳಿ ಮೇಣದಬತ್ತಿ ಹಚ್ಚಿ. ಅಲ್ಲಿ ಈಗ ಏನಾಗುತ್ತಿದೆ ಎಂದು ಒಬ್ಬರು ಮೂರು ನಾಲ್ಕು ವಾಕ್ಯದಲ್ಲಿ ಹೇಳಲಿ. ಭಾಷಣ ಬೇಡ, ಪ್ರೊಜೆಕ್ಟರ್ ಬೇಡ. ಆಮೇಲೆ ಒಂದು ಕೀರ್ತನೆಯನ್ನು ಎರಡು ಗುಂಪಾಗಿ ಓದಿ. 10, 46, 85 ಮತ್ತು 130 ಇದಕ್ಕೆ ಚೆನ್ನಾಗಿ ಹೊಂದುತ್ತವೆ. ಹತ್ತು ನಿಮಿಷ ಮೌನ. ಹತ್ತು ನಿಮಿಷ ಜಾಸ್ತಿ ಅನ್ನಿಸುತ್ತದೆ, ಆದರೂ ಕಡಿಮೆ ಮಾಡಬೇಡಿ. ನಂತರ ಸುವಾರ್ತೆಯ ಒಂದು ಭಾಗ. ಆಮೇಲೆ ವಿಜ್ಞಾಪನೆಗಳು. ಒಬ್ಬೊಬ್ಬರೂ ಎರಡೇ ವಾಕ್ಯ ಹೇಳಲಿ, ಎಲ್ಲರೂ "ಪ್ರಭುವೇ, ಕರುಣಿಸು" ಎಂದು ಉತ್ತರಿಸಲಿ. ಉದ್ದವಾಗಿ ಪ್ರಾರ್ಥಿಸುವವರಿಗೆ ಮೊದಲೇ ಪ್ರೀತಿಯಿಂದ ಹೇಳಿಡಿ. ಕಥೋಲಿಕರು ಇಲ್ಲಿ ಜಪಸರದ ಒಂದು ಭಾಗ ಹೇಳಬಹುದು. ಶಾಂತಿಯ ರಾಣಿ ಎಂಬ ಹೆಸರನ್ನು ಮಾತೆ ಮರಿಯಮ್ಮನವರ ಸ್ತುತಿಮಾಲೆಗೆ ಪೋಪ್ 15ನೇ ಬೆನೆಡಿಕ್ಟ್ ಸೇರಿಸಿದ್ದು 1917ರಲ್ಲಿ, ಮೊದಲ ಮಹಾಯುದ್ಧದ ನಡುವೆಯೇ. ಕೊನೆಗೆ ಕರ್ತನು ಕಲಿಸಿದ ಪ್ರಾರ್ಥನೆ, ಒಬ್ಬರಿಗೊಬ್ಬರು ಶಾಂತಿಯ ವಂದನೆ.

ಗುಂಪಿನಲ್ಲಿ ರಾಜಕೀಯ ಅಭಿಪ್ರಾಯ ಬೇರೆ ಬೇರೆ ಇರುತ್ತದೆ. ಪರವಾಗಿಲ್ಲ. ಪ್ರಾರ್ಥನೆಯ ನೆಪದಲ್ಲಿ ಒಬ್ಬರು ಇನ್ನೊಬ್ಬರಿಗೆ ಉತ್ತರ ಕೊಡುವುದು ಮಾತ್ರ ಬೇಡ.

ಮಕ್ಕಳ ಜೊತೆ

ಕುಟುಂಬ ಪ್ರಾರ್ಥನೆಯಲ್ಲಿ ಮಕ್ಕಳಿಗೂ ಒಂದು ಸಾಲು ಕೊಡಿ. "ಯೇಸಪ್ಪಾ, ಅಲ್ಲಿರೋ ಮಕ್ಕಳಿಗೆ ಊಟ ಸಿಗ್ಲಿ" ಎಂದರೆ ಸಾಕು. ಮ್ಯಾಪ್ ತೋರಿಸಿ, ಫೋಟೋ ತೋರಿಸಬೇಡಿ. "ನಮ್ಮೂರಿಗೂ ಬಾಂಬ್ ಬೀಳುತ್ತಾ?" ಎಂದು ಕೇಳಿದರೆ ಮಾತು ತೇಲಿಸಬೇಡಿ. ಹತ್ತಿರ ಕೂರಿಸಿಕೊಂಡು, ಇಲ್ಲಿ ಈಗ ಯುದ್ಧ ಇಲ್ಲ, ನಾವು ನಿನ್ನ ಜೊತೆ ಇದ್ದೇವೆ ಎಂದು ಹೇಳಿ.

ಎಂಟನೆಯ ಹೆಜ್ಜೆ: ಉಪವಾಸ ಮತ್ತು ಕೊಡುವುದು

ಯುದ್ಧದ ಕಾಲದಲ್ಲಿ ಉಪವಾಸ ಪ್ರಾರ್ಥನೆಗೆ ಸಭೆ ಮತ್ತೆ ಮತ್ತೆ ಕರೆ ಕೊಟ್ಟಿದೆ. ಸಿರಿಯಾಕ್ಕಾಗಿ 2013ರ ಸೆಪ್ಟೆಂಬರ್ 7ರಂದು, ಉಕ್ರೇನ್‌ಗಾಗಿ 2022ರ ವಿಭೂತಿ ಬುಧವಾರದಂದು ಪೋಪ್ ಫ್ರಾನ್ಸಿಸ್ ಕರೆ ಕೊಟ್ಟರು. ಪೋಪ್ 14ನೇ ಲಿಯೋ 2025ರ ಆಗಸ್ಟ್ 22ನ್ನು ಹಾಗೆ ಇಟ್ಟರು. ವಾರಕ್ಕೆ ಒಂದು ಹೊತ್ತಿನ ಊಟ ಬಿಟ್ಟರೂ ಆಯಿತು. ಸಕ್ಕರೆ ಕಾಯಿಲೆ ಇರುವವರು, ಬಸುರಿಯರು, ಮಕ್ಕಳು, ವಯಸ್ಸಾದವರು ಊಟ ಬಿಡಬಾರದು. ಅವರು ಟಿವಿಯನ್ನೋ ಫೋನನ್ನೋ ಬಿಡಲಿ. ಉಳಿದ ಹಣವನ್ನು ತೆಗೆದಿಡಿ. ಬಟ್ಟೆ, ಊಟ ಇಲ್ಲದವರಿಗೆ "ಬೆಚ್ಚಗಿರಿ, ಹೊಟ್ಟೆ ತುಂಬಿಸಿಕೊಳ್ಳಿ" ಎಂದು ಬರೀ ಮಾತು ಹೇಳಿ ಕಳಿಸಿದರೆ ಏನು ಪ್ರಯೋಜನ ಎಂದು ಯಾಕೋಬ 2:16 ಕೇಳುತ್ತದೆ. ಹಣವನ್ನು ಧರ್ಮಪ್ರಾಂತ್ಯದ ಅಥವಾ ಸಭೆಯ ಕಚೇರಿಯ ಮೂಲಕ ಕೊಡಿ. ವಾಟ್ಸಾಪ್‌ನಲ್ಲಿ ಬಂದ ಕ್ಯೂಆರ್ ಕೋಡ್‌ಗೆ ಕಳಿಸಬೇಡಿ.

ಒಂಬತ್ತನೆಯ ಹೆಜ್ಜೆ: ಅಲ್ಲಿಂದ ಬಂದವರು ಎದುರಿಗಿದ್ದರೆ

ಬೆಂಗಳೂರು, ಮೈಸೂರಿನ ಕಾಲೇಜುಗಳಲ್ಲಿ ಸುಡಾನ್, ಯೆಮೆನ್, ಅಫ್ಘಾನಿಸ್ತಾನದ ವಿದ್ಯಾರ್ಥಿಗಳು ಓದುತ್ತಾರೆ. ನಿಮ್ಮ ಬೀದಿಯಲ್ಲೇ ಬಾಡಿಗೆ ಮನೆಯಲ್ಲಿ ಇರಬಹುದು. ಮೊದಲು ಊಟಕ್ಕೆ ಕರೆಯಿರಿ. ಮನೆಯವರು ಹೇಗಿದ್ದಾರೆ ಎಂದು ಕೇಳಿ, ಅವರು ಹೇಳಿದಷ್ಟನ್ನು ಕೇಳಿಸಿಕೊಳ್ಳಿ. ಜಾಸ್ತಿ ಕೆದಕಬೇಡಿ. ಆಮೇಲೆ, "ನಿಮ್ಮ ಮನೆಯವರಿಗಾಗಿ ನಾನು ಪ್ರಾರ್ಥನೆ ಮಾಡಬಹುದಾ?" ಎಂದು ಅನುಮತಿ ಕೇಳಿ. ಬೇಡ ಎಂದರೆ ಅಲ್ಲಿಗೆ ಬಿಡಿ. ಸರಿ ಎಂದರೆ ಅವರ ಅಮ್ಮ, ತಮ್ಮ, ತಂಗಿಯರ ಹೆಸರು ಕೇಳಿಕೊಂಡು ನಿಮ್ಮ ಮನೆಯಲ್ಲಿ ಪ್ರಾರ್ಥಿಸಿ. ಅವರ ಧರ್ಮವನ್ನು ಬದಲಿಸುವ ಸಮಯ ಇದಲ್ಲ. ವಾರ ಬಿಟ್ಟು ಮತ್ತೆ ಸಿಕ್ಕಾಗ, "ಅಮ್ಮನಿಂದ ಫೋನ್ ಬಂತಾ?" ಎಂದು ಕೇಳಲು ಮರೆಯಬೇಡಿ.

ಹತ್ತನೆಯ ಹೆಜ್ಜೆ: ಮನಸ್ಸು ಬತ್ತಿದಾಗ

ತಿಂಗಳುಗಟ್ಟಲೆ ಪ್ರಾರ್ಥಿಸಿದ ಊರು ಬಿದ್ದುಹೋಗುತ್ತದೆ. ಎಲ್ ಫಾಶರ್ ಬಿತ್ತು. ಆಗ "ನಾನು ಕೇಳಿದ್ದೆಲ್ಲಾ ಏನಾಯಿತು?" ಎಂಬ ಪ್ರಶ್ನೆ ಬರುತ್ತದೆ. ಅದಕ್ಕೆ ನನ್ನ ಬಳಿ ಉತ್ತರ ಇಲ್ಲ. ಉತ್ತರ ಇದೆ ಎಂದು ಹೇಳುವವರ ಮಾತಿನಿಂದ ನನಗೆ ಸಮಾಧಾನವೂ ಆಗಿಲ್ಲ. ಹೇಗೆ ಪ್ರಾರ್ಥಿಸಬೇಕು ಎಂದು ತಿಳಿಯದಾಗ ಪವಿತ್ರಾತ್ಮನೇ ಮಾತಿಲ್ಲದ ನರಳಾಟದಿಂದ ನಮಗಾಗಿ ಬೇಡುತ್ತಾನೆ ಎಂದು ರೋಮ 8:26 ಹೇಳುತ್ತದೆ. ಅಂಥ ದಿನ ಅದೊಂದೇ ವಚನವನ್ನು ಹಿಡಿದುಕೊಳ್ಳಿ.

ನಿಮ್ಮ ಮಾತು ನಿಂತಾಗ ಬೇರೆಯವರ ಮಾತು ಎರವಲು ಪಡೆಯಿರಿ. ಸಂತ ಫ್ರಾನ್ಸಿಸರ ಹೆಸರಿನಲ್ಲಿ ಎಲ್ಲರಿಗೂ ಗೊತ್ತಿರುವ ಶಾಂತಿ ಪ್ರಾರ್ಥನೆ ನಿಜವಾಗಿ ಅವರದಲ್ಲ. 1912ರಲ್ಲಿ ಪ್ಯಾರಿಸ್‌ನ ಒಂದು ಸಣ್ಣ ಪತ್ರಿಕೆಯಲ್ಲಿ, ಬರೆದವರ ಹೆಸರಿಲ್ಲದೆ ಅಚ್ಚಾಯಿತು. ಮೊದಲ ಮಹಾಯುದ್ಧದ ಕಾಲದಲ್ಲಿ ಹರಡಿತು. ಯಾರೋ ಹೆಸರಿಲ್ಲದವರ ಪ್ರಾರ್ಥನೆ ಎಷ್ಟು ಜನರನ್ನು ಹಿಡಿದು ನಿಲ್ಲಿಸಿದೆ ನೋಡಿ. ಅದನ್ನೂ ಹೇಳಲಾಗದಿದ್ದರೆ ಉಸಿರೆಳೆದುಕೊಳ್ಳುವಾಗ "ಪ್ರಭುವೇ", ಬಿಡುವಾಗ "ಕರುಣಿಸು". ಬಸ್ಸಿನಲ್ಲಿ ಕೂತಾಗಲೂ ಹೇಳಬಹುದು.

ಕದನವಿರಾಮ ಆದ ಮೇಲೆ

ಹೆಚ್ಚಿನವರು ಇಲ್ಲಿ ನಿಲ್ಲಿಸುತ್ತಾರೆ. ಆದರೆ ಪಟ್ಟಿ ಈಗಲೇ ಉದ್ದವಾಗುವುದು. ಹೊಲದಲ್ಲಿ ಹೂತ ನೆಲಬಾಂಬ್‌ಗಳು, ಮನೆಗೆ ಬಂದರೆ ಮನೆಯೇ ಇಲ್ಲದವರು, ಗುರುತು ಸಿಗದ ಶವಗಳು, ರಾತ್ರಿ ಬೆಚ್ಚಿಬೀಳುವ ಸೈನಿಕರು, ಕೊಂದವರ ಪಕ್ಕದ ಬೀದಿಯಲ್ಲೇ ಬದುಕಬೇಕಾದವರು.

ನಾಗಾಲ್ಯಾಂಡ್ ನಮ್ಮ ದೇಶದ್ದೇ ಉದಾಹರಣೆ. ಅಲ್ಲಿ ಭಾರತದ ಸೇನೆಗೂ ನಾಗಾ ಬಂಡುಕೋರರಿಗೂ ಹೋರಾಟ ನಡೆಯುತ್ತಿತ್ತು. 1964ರ ಆರಂಭದಲ್ಲಿ ವೋಖಾದಲ್ಲಿ ಸೇರಿದ ನಾಗಾ ಬ್ಯಾಪ್ಟಿಸ್ಟ್ ಸಮಾವೇಶ ಶಾಂತಿ ನಿಯೋಗವೊಂದು ಬೇಕೆಂದು ಕೇಳಿತು. ಜಯಪ್ರಕಾಶ ನಾರಾಯಣ, ಆಗಿನ ಅಸ್ಸಾಂ ಮುಖ್ಯಮಂತ್ರಿ ಬಿ.ಪಿ. ಚಾಲಿಹಾ, ಇಂಗ್ಲೆಂಡಿನ ಪಾದ್ರಿ ಮೈಕೆಲ್ ಸ್ಕಾಟ್ ಆ ನಿಯೋಗದಲ್ಲಿದ್ದರು. ಅದೇ ವರ್ಷ ಸೆಪ್ಟೆಂಬರ್ 6ರಂದು ಕದನವಿರಾಮ ಜಾರಿಗೆ ಬಂತು. ಮಾತುಕತೆ ಕೊನೆಗೆ ಮುರಿದುಬಿತ್ತು, ಹಿಂಸೆ ಮತ್ತೆ ಬಂತು. ಅಲ್ಲಿನ ಸಭೆಗಳು ಶಾಂತಿಯ ಕೆಲಸ ಬಿಡಲಿಲ್ಲ.

ಆದ್ದರಿಂದ ಗುಂಡಿನ ಸದ್ದು ನಿಂತ ದಿನ ಚೀಟಿಯನ್ನು ಬೈಬಲ್‌ನಿಂದ ತೆಗೆಯಬೇಡಿ. ಆ ದಿನಾಂಕವನ್ನು ಅದರ ಹಿಂದೆ ಬರೆದು, ಕೀರ್ತನೆ 126 ಓದಿ ಸ್ತೋತ್ರ ಹೇಳಿ. ಪ್ರತಿದಿನದ ಬದಲು ವಾರಕ್ಕೊಮ್ಮೆ ಎಂದು ಇಟ್ಟುಕೊಳ್ಳಿ. ವರ್ಷಕ್ಕೊಂದು ದಿನವನ್ನೂ ಆ ಊರಿಗಾಗಿ ಗೊತ್ತುಮಾಡಿ. ಸುಡಾನ್‌ಗಾಗಿ ಪ್ರಾರ್ಥಿಸುವವರಿಗೆ ಫೆಬ್ರವರಿ 8 ಒಳ್ಳೆಯ ದಿನ. ಅದು ಸಂತ ಜೋಸೆಫೀನ್ ಬಕಿತಾ ಅವರ ಹಬ್ಬ. ಅವರು ಹುಟ್ಟಿದ್ದು ಎಲ್ ಫಾಶರ್ ಇರುವ ಅದೇ ಡಾರ್ಫುರ್ ಸೀಮೆಯಲ್ಲಿ. ಚಿಕ್ಕ ಹುಡುಗಿಯಾಗಿದ್ದಾಗ ಅವರನ್ನು ಕದ್ದೊಯ್ದು ಗುಲಾಮಳಾಗಿ ಮಾರಿದರು. ಅವರ ದೇಹದ ಮೇಲೆ ಹೊಡೆತದ ಗುರುತುಗಳು ಕೊನೆಯವರೆಗೂ ಇದ್ದವು. 2000ನೇ ಇಸವಿಯಲ್ಲಿ ಅವರನ್ನು ಸಂತರೆಂದು ಸಾರಿದರು. ಆ ದಿನ ಕಾಣೆಯಾದ ಹೆಣ್ಣುಮಕ್ಕಳಿಗಾಗಿ ಮೊದಲು ಪ್ರಾರ್ಥಿಸಿ.